ಬೆಂಗಳೂರಿನ ಹಳೆಯ ಮಂದಿರಗಳೂ ಅವುಗಳ ವಿನಿಯೋಗ ಪರಿವರ್ತನೆಯೂ

ಕಲ್ಯಾಣಪಟ್ಟಣದಲ್ಲಿ ಬಿಜ್ಜಳರಾಯನ ಭಂಡಾರಿಯಾಗಿದ್ದ ಶ್ರೀ ಬಸವಣ್ಣನವರ ನಿವಾಸವು ‘ಮಹಾಮನೆ’ಯೆಂದು ಪ್ರಸಿದ್ಧವಾದುದು ಅದರ ಕಂಬಗಳ ಎತ್ತರದಿಂದಲ್ಲ, ಅಂಕಣಗಳ ಸಂಖ್ಯೆಯಿಂದಲೂ ಅಲ್ಲ. ರಾಜಾಧಿಕಾರಿಯ ವಾಸಗೃಹವೆಂದರೆ ಬಾಗಿಲಲ್ಲಿ ಕಾವಲು, ಒಳಗೆ ಅಂತಃಪುರ, ಹೊರಗೆ ಓಲಗದ ಚಾವಡಿ ಎಂಬುದೇ ಲೋಕರೂಢಿಯಾಗಿದ್ದ ಕಾಲದಲ್ಲಿ ಆ ಮನೆಯು ಜಂಗಮದಾಸೋಹಕ್ಕೂ ಶಿವಾನುಭವಗೋಷ್ಠಿಗೂ ನೆಲೆಯಾಯಿತು. ಗೋಡೆಗಳು ಅವೇ ಆಗಿದ್ದವು. ಬಾಗಿಲು ಮಾತ್ರ ಬೇರೆ ಜನರಿಗೆ ತೆರೆಯಿತು. ಹಳೆಯ ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಕಟ್ಟಿಸಿದವರ ಹೆಸರು, ಕಟ್ಟಿದ ವರ್ಷ, ವೆಚ್ಚವಾದ ದ್ರವ್ಯ ಇಷ್ಟನ್ನೇ ಬರೆದು ಮುಗಿಸುವರು. ಆ ಬಾಗಿಲು ಮೊದಲು ಯಾರಿಗೆ ತೆರೆದಿತ್ತು, ಬಳಿಕ ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ವಿಚಾರಿಸುವವರು ವಿರಳ. ಸ್ಥಾವರ ಜಂಗಮಗಳ ವಿವೇಕವನ್ನು ಶರಣರಿಂದ ಕಲಿತ ಭಕ್ತವರ್ಗಕ್ಕಾದರೋ ಈ ಎರಡನೆಯ ವಿಚಾರವೇ ಮುಖ್ಯವೆನಿಸತಕ್ಕದ್ದು.

ಒಂದು ಕಟ್ಟಡಕ್ಕೆ ಒಂದೇ ಕಾರ್ಯ ಎಂಬುದು ಈಚಿನ ಕಾಲದ ಕಲ್ಪನೆಯಾಗಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವಾಚಾರ್ಯರ ಕೋಡಿಯಮಠವೆಂಬುದೊಂದಿದ್ದಿತು. ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ವರ್ಣಿಸುವ ರೀತಿಯು ಮನನೀಯವಾದುದು. ಅದು ವೇದಾದಿ ಶಾಸ್ತ್ರಗಳ ಅಧ್ಯಯನಕ್ಕೆ ಸ್ಥಾನ; ದೀನರಿಗೂ ಅನಾಥರಿಗೂ ಅಂಗಹೀನರಿಗೂ ಅನ್ನವಿಕ್ಕುವ ಸ್ಥಾನ; ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನ; ಭಯಗೊಂಡು ಬಂದವರಿಗೆ ಅಭಯಸ್ಥಾನ. ಪಾಠಶಾಲೆ, ಛತ್ರ, ಆಸ್ಪತ್ರೆ, ಆಶ್ರಯಗೃಹಗಳೆಂದು ಇಂದು ನಾಲ್ಕು ಕಡೆ ನಾಲ್ಕು ಫಲಕಗಳನ್ನು ತೂಗುಹಾಕುವ ಕಾರ್ಯಗಳೆಲ್ಲವೂ ಅಲ್ಲಿ ಒಂದೇ ಮಾಳಿಗೆಯ ಕೆಳಗೆ ನಡೆಯುತ್ತಿದ್ದುವು. ಆದಕಾರಣ ಕಟ್ಟಡದ ವಿನಿಯೋಗವು ಬದಲಾಯಿತೆಂದೊಡನೆ ಅನರ್ಥವಾಯಿತೆಂದು ಬೆದರಬೇಕಾದುದಿಲ್ಲ. ಬದಲಾಗದೆ ನಿಂತಿತೆಂದ ಮಾತ್ರಕ್ಕೆ ಸಂತೋಷಪಡಬೇಕಾದುದೂ ಇಲ್ಲ. ಈ ಮಾತಿಗೆ ಬೆಂಗಳೂರು ನಗರಕ್ಕಿಂತ ಒಳ್ಳೆಯ ನಿದರ್ಶನವು ಕರ್ಣಾಟಕದಲ್ಲಿ ದೊರೆಯುವುದು ಕಷ್ಟ.

ಮೊದಲು ರಾಜಮಂದಿರಗಳನ್ನು ನೋಡಬಹುದು. ಬೆಂಗಳೂರು ಕೋಟೆಯ ಪಕ್ಕದಲ್ಲಿ ತೇಗದ ಕಂಬಗಳ ಅರಮನೆಯೊಂದಿದೆ. ಹೈದರಾಲಿಯು ೧೭೮೧ರಲ್ಲಿ ಅದನ್ನು ಆರಂಭಿಸಿದನು. ಟೀಪೂ ಸುಲ್ತಾನನು ೧೭೯೧ರಲ್ಲಿ ಮುಗಿಸಿದನು. ಮುಗಿದ ಆ ವರ್ಷವೇ ಮಾರ್ಚಿ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಟೆಯನ್ನು ಹಿಡಿಯಿತು. ಕಟ್ಟಿಸಿದವನಿಗೆ ಆ ಬೇಸಿಗೆಯ ಅರಮನೆಯಲ್ಲಿ ಎಷ್ಟು ಬೇಸಿಗೆಗಳು ಲಭಿಸಿದುವೆಂಬುದನ್ನು ಇದರಿಂದಲೇ ಊಹಿಸಬಹುದಾಗಿದೆ. ೧೮೩೧ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಆಂಗ್ಲ ಕಮಿಷನರುಗಳ ಕೈಸೇರಿದ ತರುವಾಯ ಸುಲ್ತಾನನು ದರ್ಬಾರು ನಡೆಸಬೇಕೆಂದಿದ್ದ ಉಪ್ಪರಿಗೆಯಲ್ಲಿ ಸರ್ಕಾರದ ಗುಮಾಸ್ತರು ಕುಳಿತು ಕಾಗದಪತ್ರಗಳನ್ನು ಬರೆದರು. ೧೮೬೮ರವರೆಗೂ ಸಂಸ್ಥಾನದ ಮುಖ್ಯ ಕಚೇರಿಯು ಅದೇ ಆಗಿದ್ದಿತು. ಕೋಟೆಯ ಬಹುಭಾಗವು ನೆಲಸಮವಾಗಿ ಆ ಸ್ಥಳದಲ್ಲಿ ಆಸ್ಪತ್ರೆಗಳೂ ಶಾಲೆಗಳೂ ರಸ್ತೆಗಳೂ ಎದ್ದಾಗ ಅರಮನೆಯ ಈ ಭಾಗವೊಂದು ಉಳಿದುದಕ್ಕೆ ಕಾರಣವು ಅದರ ಸೌಂದರ್ಯವೊಂದೇ ಎನ್ನುವುದು ಸರಿಯಾಗದು. ಮೂವತ್ತೇಳು ವರ್ಷಗಳ ಕಾಲ ಅದು ಕೆಲಸಕ್ಕೆ ಬರುತ್ತಿದ್ದ ಕಟ್ಟಡವಾಗಿದ್ದಿತು. ಕೆಲಸಕ್ಕೆ ಬರುವುದನ್ನು ಕೆಡಹಲು ಯಾರೂ ಮುಂದಾಗುವುದಿಲ್ಲ. ನೆರೆಯಲ್ಲಿಯೇ ಇರುವ ಕೋಟೆ ವೆಂಕಟರಮಣಸ್ವಾಮಿಯ ದೇವಾಲಯವು ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ದೇವಾಲಯವಾಗಿಯೇ ಇದೆ. ಅರಮನೆಯಾದರೋ ರಾಜಗೃಹ, ಕಚೇರಿ, ಪ್ರಾಚ್ಯಸ್ಮಾರಕವೆಂಬ ಮೂರು ಜನ್ಮಗಳನ್ನು ಕಂಡಿತು.

ಅರಮನೆಯಿಂದ ಹೊರಟ ಕಚೇರಿಗಳು ಹೋಗಿ ಸೇರಿದುದು ಕಬ್ಬನ್ ಉದ್ಯಾನದ ಅಂಚಿನ ಕೆಂಬಣ್ಣದ ಹೊಸ ಸೌಧವನ್ನು. ಅಲ್ಲಿ ಹದಿನೆಂಟು ಇಲಾಖೆಗಳು ನೆಲಸಿದುದರಿಂದ ಹಿಂದೂಸ್ತಾನಿಯ ‘ಅಠಾರಾ’ ಶಬ್ದವು ಕನ್ನಡಿಗರ ಬಾಯಲ್ಲಿ ‘ಅಠಾರ ಕಚೇರಿ’ಯಾಯಿತು. ೧೯೫೬ರಲ್ಲಿ ಎದುರಿಗೇ ವಿಧಾನಸೌಧವು ಪೂರ್ಣಗೊಂಡು ಸಚಿವಾಲಯವು ಅಲ್ಲಿಗೆ ದಾಟಿತು. ಹದಿನೆಂಟು ಇಲಾಖೆಗಳಲ್ಲಿ ಒಂದೂ ಉಳಿಯದೆ ಸೌಧವು ಉಚ್ಚ ನ್ಯಾಯಾಲಯದ ವಶವಾಯಿತು. ಹೆಸರು ಮಾತ್ರ ಅಠಾರ ಕಚೇರಿಯೆಂದೇ ಉಳಿಯಿತು. ೧೯೮೦ರ ದಶಕದಲ್ಲಿ ಸ್ಥಳವು ಸಾಲದೆಂಬ ಕಾರಣದಿಂದ ಹಳೆಯ ಸೌಧವನ್ನು ಕೆಡಹಿ ಹೊಸದನ್ನು ಕಟ್ಟಬೇಕೆಂಬ ಯೋಚನೆಯು ಹುಟ್ಟಲು, ನಗರದ ಸಜ್ಜನರು ನ್ಯಾಯಾಲಯದ ಮೊರೆಹೊಕ್ಕರು. ಯಾವ ಕಟ್ಟಡವು ಇರಬೇಕೇ ಬೇಡವೇ ಎಂಬ ವಾದವು ನಡೆಯಿತೋ, ಆ ವಾದವನ್ನು ಕೇಳಬೇಕಾದ ನ್ಯಾಯಾಲಯದ ಮನೆಯೇ ಆ ಕಟ್ಟಡವಾಗಿದ್ದಿತು. ಅಂತೂ ಸೌಧವು ಉಳಿಯಿತು. ಹಿಂಬದಿಯಲ್ಲಿ ಹೊಸ ಭಾಗಗಳು ಕೂಡಿಕೊಂಡುವು.

ಇದಕ್ಕಿಂತ ವಿಚಿತ್ರವಾದುದು ಕೇಂದ್ರ ಕಾರಾಗೃಹದ ವೃತ್ತಾಂತ. ಶೇಷಾದ್ರಿ ರಸ್ತೆಯ ಬದಿಯಲ್ಲಿದ್ದ ಆ ಸೆರೆಮನೆಯ ಎತ್ತರದ ಗೋಡೆಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವು. ೧೯೭೫ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ ಮೊದಲಾದವರು ಅಲ್ಲಿ ಬಂಧನದಲ್ಲಿದ್ದರು. ಕೈದಿಗಳನ್ನು ನಗರದ ದಕ್ಷಿಣದ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಬಳಿಕ ೨೦೦೮ರಲ್ಲಿ ಹಳೆಯ ಸೆರೆಮನೆಯು ‘ಫ್ರೀಡಂ ಪಾರ್ಕ್’ ಎಂಬ ಸಾರ್ವಜನಿಕ ಉದ್ಯಾನವಾಯಿತು. ಸೆರೆಮನೆಯು ಸ್ವಾತಂತ್ರ್ಯದ ತೋಟವಾಯಿತು. ವೇದಘೋಷಕ್ಕಾಗಿ ಹುಟ್ಟಿದ ಅಗ್ರಹಾರವೆಂಬ ಹೆಸರು ಸೆರೆಮನೆಗೆ ಬಿದ್ದಿತು. ಇಂದು ಬೆಂಗಳೂರಿನಲ್ಲಿ ‘ಅಗ್ರಹಾರಕ್ಕೆ ಹೋದನು’ ಎಂದರೆ ಅಧ್ಯಯನಕ್ಕೆ ಹೋದನೆಂದು ಯಾರೂ ತಿಳಿಯುವುದಿಲ್ಲ!

ಈ ಉದ್ಯಾನದ ಭಾಗ್ಯವು ಪುರಭವನದ ಭಾಗ್ಯದೊಡನೆ ಹೆಣೆದುಕೊಂಡಿದೆ. ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ ೧೯೧೩ರಿಂದ ೧೯೨೦ರವರೆಗೆ ಕೆಲಸ ಮಾಡಿದ ವೀರಶೈವ ಕುಲಭೂಷಣ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಹೆಸರಿನಿಂದ ಶೋಭಿಸುವ ಪುರಭವನಕ್ಕೆ ೧೯೩೩ರಲ್ಲಿ ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರು ಅಸ್ತಿಭಾರವನ್ನಿಟ್ಟರು. ೧೯೩೫ರಲ್ಲಿ ಯುವರಾಜ ನರಸಿಂಹರಾಜ ಒಡೆಯರವರು ಪ್ರಾರಂಭೋತ್ಸವವನ್ನು ನೆರವೇರಿಸಿದರು. ಸಭೆ, ಸಂಗೀತ, ನಾಟಕಗಳಿಗಾಗಿ ಕಟ್ಟಿದ ಆ ಭವನದ ಒಳಾಂಗಣಕ್ಕಿಂತಲೂ ಎತ್ತರದ ಕಂಬಗಳ ಮುಂದಿನ ಮೆಟ್ಟಿಲುಗಳೇ ಹೆಚ್ಚು ಜನರನ್ನು ಕಂಡುವು. ಬೇಡಿಕೆಯುಳ್ಳವರು, ಅನ್ಯಾಯಕ್ಕೊಳಗಾದವರು, ಒಂದು ಮಾತನ್ನು ಊರಿಗೆಲ್ಲ ಕೇಳಿಸಬೇಕೆಂದಿದ್ದವರು ಬಂದು ನಿಲ್ಲುವ ಸ್ಥಳವು ಅದಾಗಿದ್ದಿತು. ಶಿಲ್ಪಿಯ ನಕ್ಷೆಯಲ್ಲಿ ಇಲ್ಲದ ಈ ವಿನಿಯೋಗವು ಬಹುಕಾಲ ನಡೆಯಿತು. ೨೦೨೧ರ ಸರ್ಕಾರಿ ಆದೇಶವು ನಗರದ ಪ್ರತಿಭಟನೆಗಳೆಲ್ಲವೂ ಫ್ರೀಡಂ ಪಾರ್ಕಿನಲ್ಲಿಯೇ ನಡೆಯಬೇಕೆಂದು ವಿಧಿಸಿತು. ವಾಹನಸಂಚಾರದ ದೃಷ್ಟಿಯಿಂದ ಇದು ಯುಕ್ತವೇ ಇರಬಹುದು. ಆದರೆ ಬಾಯಿ ತೆರೆದುದಕ್ಕಾಗಿ ಜನರನ್ನು ಎಲ್ಲಿ ಕೂಡಿಹಾಕಿದ್ದರೋ ಅಲ್ಲಿಯೇ ಈಗ ಬಾಯಿ ತೆರೆಯಬೇಕೆಂಬ ನಿಯಮವಾಯಿತೆಂಬುದನ್ನು ಚರಿತ್ರಕಾರನು ಬರೆದಿಡದಿರಲಾರನು.

ಮೈಸೂರಿನ ಅರಮನೆಗಳ ವಿಚಾರವು ಬೇರೆಯೇ ಒಂದು ಲೇಖನಕ್ಕೆ ಸಾಲುವಷ್ಟಿದೆ. ಜಗನ್ಮೋಹನ ಅರಮನೆಯು ೧೮೬೧ರಲ್ಲಿ ಕಟ್ಟಲ್ಪಟ್ಟು, ೧೮೯೭ರ ಅಗ್ನಿಯಲ್ಲಿ ದೊಡ್ಡ ಅರಮನೆಯು ಬೆಂದಾಗ ರಾಜಪರಿವಾರಕ್ಕೆ ಆಶ್ರಯವಾಗಿ, ೧೯೦೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಅಧಿಕಾರಸ್ವೀಕಾರಕ್ಕೆ ಸಭಾಂಗಣವಾಗಿ, ೧೯೧೫ರಲ್ಲಿ ಚಿತ್ರಶಾಲೆಯಾಯಿತು ಎಂದಿಷ್ಟನ್ನು ಸೂಚಿಸಿದರೆ ಸಾಕು. ಚೆಲುವಾಂಬಾ ಮಂದಿರದ ಮಾತನ್ನು ಮಾತ್ರ ಬಿಡಲಾಗದು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಆ ಭವ್ಯ ನಿವಾಸದಲ್ಲಿ ೧೯೫೦ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ನಡೆಯುತ್ತಿದೆ. ಒಬ್ಬ ರಾಜಕುಮಾರಿಯ ಮನೆಯಲ್ಲಿ ದೇಶದ ಕೋಟ್ಯಂತರ ಜನರ ಅನ್ನದ ವಿಚಾರವು ನಡೆಯುವುದೆಂದರೆ ಅದನ್ನು ದಾಸೋಹದ ಒಂದು ರೂಪವೆಂದು ಭಾವಿಸುವುದರಲ್ಲಿ ತಪ್ಪೇನಿದೆ?

ಬೆಂಗಳೂರಿನ ದಕ್ಷಿಣದ ಬಡಾವಣೆಗಳಿಗೆ ಹೆಬ್ಬಾಗಿಲಿನಂತಿರುವ ಲಾಲ್‌ಬಾಗಿನ ಗಾಜಿನ ಮನೆಗೆ ೧೮೮೯ನೆಯ ನವೆಂಬರು ೩೦ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವನ್ನಿಟ್ಟನು. ಸಸಿಗಳನ್ನು ಕಾಪಾಡುವ ಸಸ್ಯಾಗಾರವೆಂದು ಅದನ್ನು ಕಟ್ಟಿದರು. ಅದು ಫಲಪುಷ್ಪ ಪ್ರದರ್ಶನಕ್ಕೆ ನೆಲೆಯಾದುದು ಸಹಜವೇ. ಆದರೆ ೧೯೬೯ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಅಲ್ಲಿ ಸೇರಿತು. ಅಧ್ಯಕ್ಷರಾಗಿದ್ದವರು ಶ್ರೀ ಎಸ್. ನಿಜಲಿಂಗಪ್ಪನವರು. ಆ ಸಭೆಯಲ್ಲಿ ಕಾಣಿಸಿಕೊಂಡ ಬಿರುಕು ಆ ವರ್ಷವೇ ಪಕ್ಷವನ್ನು ಎರಡಾಗಿ ಸೀಳಿತು. ಗಾಜಿನ ಮನೆಯ ಗಾಜು ಮಾತ್ರ ಒಡೆಯಲಿಲ್ಲ. ಇದೇ ತೋಟದಲ್ಲಿ ಕ್ರುಂಬಿಗಲ್ ಸಾಹೇಬರ ಹೆಸರನ್ನು ಹೊತ್ತ ಹಳೆಯ ಉಪನ್ಯಾಸ ಮಂದಿರವೊಂದಿದ್ದಿತು. ಉಪನ್ಯಾಸಗಳು ನಿಂತುಹೋಗಿ, ಬೇರೆ ಕೆಲಸವನ್ನು ಯಾರೂ ಕೊಡದೆ, ಅದು ೨೦೧೭ರ ಮಳೆಗಾಲದಲ್ಲಿ ಕುಸಿಯಿತು. ಕೆಲಸವಿಲ್ಲದ ಮನೆಗೆ ಮಳೆಯೇ ಯಮನು.

ಈವರೆಗೆ ಹೇಳಿದುವೆಲ್ಲವೂ ಅರಸರ, ಸರ್ಕಾರದ ಕಟ್ಟಡಗಳು. ಅವುಗಳ ವಿನಿಯೋಗವನ್ನು ಬದಲಿಸುವುದಕ್ಕೆ ಒಂದು ಆಜ್ಞೆಯು ಸಾಕು. ದಾನಿಗಳು ಸಂಕಲ್ಪಪೂರ್ವಕವಾಗಿ ಕಟ್ಟಿಸಿ ಸಮಾಜಕ್ಕೆ ಒಪ್ಪಿಸಿದ ಕಟ್ಟಡಗಳ ಸಂಗತಿಯು ಹಾಗಲ್ಲ. ಅಲ್ಲಿ ಗೋಡೆಗಳೊಡನೆ ಒಂದು ಮಾತೂ ಕೈಬದಲಾಗಿರುತ್ತದೆ. ಇದರ ಅತ್ಯುತ್ತಮ ಉದಾಹರಣೆಯು ರಾವ್‌ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಛತ್ರ.

ತೋಟದಪ್ಪನವರು ೧೮೩೮ರಲ್ಲಿ ಗುಬ್ಬಿಯಲ್ಲಿ ಜನಿಸಿದವರು. ಬೆಂಗಳೂರಿನ ಪೇಟೆಗೆ ಬಂದು ವ್ಯಾಪಾರದಿಂದ ಸಂಪಾದಿಸಿದರು, ಸಂತಾನವಿರಲಿಲ್ಲ. ಸಂತಾನವಿಲ್ಲದ ಧನಿಕರು ದತ್ತಕವನ್ನು ತೆಗೆದುಕೊಂಡು ಹೆಸರನ್ನು ಉಳಿಸಿಕೊಳ್ಳುವುದು ಲೋಕದ ವಾಡಿಕೆ. ಇವರು ಊರೂರಿನಿಂದ ಬರುವ ದಾರಿಹೋಕರನ್ನೇ ತಮ್ಮವರೆಂದು ಎಣಿಸಿದರು. ಆ ಕಾಲಕ್ಕೆ ಬೆಂಗಳೂರಿಗೆ ರೈಲುಗಾಡಿಯ ಸಂಚಾರವು ಪ್ರಬಲವಾಗಿದ್ದಿತು. ಮೈಸೂರಿಗೆ ಹೋಗುವ ಮಾರ್ಗವು ೧೮೮೨ರಲ್ಲಿಯೇ ಮುಗಿದಿತ್ತು, ತುಮಕೂರಿನ ಕಡೆಯ ಮಾರ್ಗವೂ ಆ ದಶಕದಲ್ಲಿ ಬಂದಿತ್ತು. ಮೊದಲು ಗಾಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಬರುವವರು ದಾರಿಯುದ್ದಕ್ಕೂ ಇದ್ದ ಮಠ, ಮಂಟಪ, ಅರವಟ್ಟಿಗೆಗಳಲ್ಲಿ ತಂಗುತ್ತ ಬರುತ್ತಿದ್ದರು. ರೈಲು ಅವರನ್ನು ಒಂದೇ ದಿನದಲ್ಲಿ ತಂದು ಅಪರಿಚಿತ ನಗರದ ನಡುವೆ ಇಳಿಸಿ ಹೊರಟುಹೋಗುತ್ತಿದ್ದಿತು. ಅವರು ಇಳಿಯುವ ಸ್ಥಳದಲ್ಲಿಯೇ ಛತ್ರವಿರಬೇಕೆಂದು ತೋಟದಪ್ಪನವರು ೧೮೯೭ರಲ್ಲಿ ನಿಲ್ದಾಣದ ಎದುರಿನ ಭೂಮಿಯನ್ನು ಕೊಂಡರು. ಸ್ಥಳವನ್ನು ಆರಿಸಿದ ಈ ಜಾಣತನವು ದಾನದಷ್ಟೇ ದೊಡ್ಡದು. ಅನೇಕ ದಾನಿಗಳು ತಮಗೆ ಅನುಕೂಲವಾದ ಕಡೆ ಧರ್ಮವನ್ನು ಕಟ್ಟಿಸುವರು. ಹಸಿದವನಿಗೆ ಅನುಕೂಲವಾದ ಕಡೆ ಕಟ್ಟಿಸುವವರು ಕೆಲವರೇ.

ಭೂಮಿಯನ್ನು ಪಡೆದ ಮರುವರ್ಷ, ೧೮೯೮ರಲ್ಲಿ, ನಗರಕ್ಕೆ ಪ್ಲೇಗುಮಾರಿಯು ಬಡಿಯಿತು. ಪೇಟೆಯ ಮನೆಗಳು ಬರಿದಾದುವು. ಜನರು ಊರ ಹೊರಗೆ ಗುಡಿಸಲುಗಳಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದುದಕ್ಕೆ ಆ ಭಯವೂ ಕಾರಣವಾಯಿತು. ಪರಸ್ಥಳದವನನ್ನು ಹತ್ತಿರ ಸೇರಿಸಲು ಜನರು ಅಂಜುತ್ತಿದ್ದ ವರ್ಷಗಳಲ್ಲಿ ಪರಸ್ಥಳದವರಿಗಾಗಿಯೇ ಒಂದು ಮನೆಯು ಎದ್ದಿತೆಂಬುದನ್ನು ಮರೆಯಬಾರದು. ೧೯೦೨ನೆಯ ಆಗಸ್ಟಿನಲ್ಲಿ ಪೂರ್ಣಾಧಿಕಾರವನ್ನು ಪಡೆದಿದ್ದ ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರು ೧೯೦೩ನೆಯ ಫೆಬ್ರವರಿ ತಿಂಗಳಲ್ಲಿ ಈ ಛತ್ರವನ್ನು ತೆರೆದರು. ತೋಟದಪ್ಪನವರು ಅದಕ್ಕೊಂದು ಧರ್ಮಸಂಸ್ಥೆಯನ್ನು ಏರ್ಪಡಿಸಿ, ಪುಟ್ಟಣ್ಣಚೆಟ್ಟಿಯವರಂತಹ ದಕ್ಷರನ್ನು ಅದರ ಮುಂದಾಳಾಗಿ ನಿಯಮಿಸಿ, ೧೯೧೦ರಲ್ಲಿ ಲಿಂಗೈಕ್ಯರಾದರು. ‘ಧರ್ಮಪ್ರವರ್ತ’ರೆಂಬ ಬಿರುದು ಮಹಾರಾಜರವರಿಂದ ಲಭಿಸಿದುದೂ ಅದೇ ವರ್ಷ.

ಛತ್ರವೆಂದರೆ ಸಾಮಾನ್ಯವಾಗಿ ಎರಡು ಮೂರು ದಿನ ಇಳಿದುಕೊಂಡು ಹೊರಡುವ ಸ್ಥಳ. ಪ್ರವಾಸಿಯು ಬರುವನು, ಅಡಿಗೆ ಮಾಡಿಕೊಳ್ಳುವನು, ಮಲಗುವನು, ಹೋಗುವನು. ಆದರೆ ರೈಲು ಬೇರೊಂದು ಬಗೆಯ ಪ್ರವಾಸಿಯನ್ನೂ ತರತೊಡಗಿದ್ದಿತು. ಗುಬ್ಬಿ, ತಿಪಟೂರು, ಕಡೂರು ಕಡೆಯ ಹಳ್ಳಿಯ ಹುಡುಗನೊಬ್ಬನು ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು, ಕೊರಳಲ್ಲಿ ಲಿಂಗವನ್ನು ಕಟ್ಟಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಬೇಕೆಂದು ಇಳಿಯುವನು. ಇವನಿಗೆ ಮೂರು ದಿನ ಸಾಲದು. ಮೂರು ವರ್ಷ ಬೇಕು. ಅವನು ಪ್ರವಾಸಿಯೇ? ಛತ್ರದ ರೂಢಿಯನ್ನು ಅಕ್ಷರಶಃ ಹಿಡಿದರೆ ಅಲ್ಲ. ತೋಟದಪ್ಪನವರ ಸಂಸ್ಥೆಯು ಪ್ರವಾಸಿಗಳ ಧರ್ಮಶಾಲೆಯೊಡನೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿತು. ಹೀಗೆ ‘ದಾರಿಹೋಕ’ನೆಂಬ ಶಬ್ದದ ಅರ್ಥವು ಹಿಗ್ಗಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಬಳಿಕ ಈ ಬಗೆಯ ದಾರಿಹೋಕರ ಸಂಖ್ಯೆಯೇ ಹೆಚ್ಚಿತು. ಮುಂದೆ ಸಂಸ್ಥೆಯ ವಿದ್ಯಾರ್ಥಿನಿಲಯಗಳು ಬೇರೆ ಊರುಗಳಲ್ಲಿಯೂ ತಲೆಯೆತ್ತಿದುವು. ಧರ್ಮಾಂಬುಧಿ ಕೆರೆಯು ಬತ್ತಿ ಬಸ್ಸುಗಳ ನಿಲ್ದಾಣವಾಯಿತು. ಛತ್ರದ ಮುಂದಿನ ಬೀದಿಗೆ ತೋಟದಪ್ಪನವರ ಹೆಸರು ಬಂದಿತು.

ಇದೇ ಕಾಲದಲ್ಲಿ ಕರ್ಣಾಟಕದ ಮಠಗಳಲ್ಲಿಯೂ ಇಂತಹದೇ ಪರಿವರ್ತನೆಯು ನಡೆಯುತ್ತಿದ್ದಿತು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ಪ್ರಸಾದನಿಲಯವನ್ನು ನಡೆಸಿದರು. ಸಿದ್ಧಗಂಗೆಯಲ್ಲಿ ೧೯೧೭ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. ಜಂಗಮರಿಗೂ ಪರ್ವಕಾಲದ ಯಾತ್ರಿಕರಿಗೂ ಮೀಸಲಾಗಿದ್ದ ಪಂಕ್ತಿಗಳಲ್ಲಿ ಪುಸ್ತಕ ಹಿಡಿದ ಬಾಲಕರು ಕುಳಿತರು. ಮಠಕ್ಕೆ ಇದು ಹೊಸತೆಂದು ಕೆಲವು ಹಿರಿಯರು ಆಗ ಗೊಣಗಿದ್ದ ಪಕ್ಷದಲ್ಲಿ, ಬಳ್ಳಿಗಾವೆಯ ಶಾಸನವನ್ನು ತೋರಿಸಿ ಇದು ಹಳೆಯದೆಂದೇ ಸಮಾಧಾನ ಹೇಳಬಹುದಾಗಿದ್ದಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಕಾಲದ ನಿಲಯಗಳು ಒಂದೊಂದು ಸಮಾಜಕ್ಕೆ ಒಂದೊಂದರಂತೆ ಹುಟ್ಟಿದುವು. ಒಬ್ಬರ ಮನೆಯ ಅಡಿಗೆಯನ್ನು ಇನ್ನೊಬ್ಬರು ಮುಟ್ಟದ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಅನ್ನದ ಮಾರ್ಗವು ಬೇರೆ ಇರಲಿಲ್ಲವಾದುದರಿಂದ ಆ ಏರ್ಪಾಡನ್ನು ದೂಷಿಸುವುದು ಸುಲಭವೇ ಹೊರತು ನ್ಯಾಯವಲ್ಲ. ಆದರೂ ಮಹಾಮನೆಯ ಪರಂಪರೆಗೆ ಅದು ಪೂರ್ಣವಾಗಿ ಒಪ್ಪುವುದೇ ಎಂಬ ಪ್ರಶ್ನೆಯು ಉಳಿದಿದ್ದಿತು. ಅದಕ್ಕೆ ಉತ್ತರವು ಸಿದ್ಧಗಂಗೆಯಿಂದ ಬಂದಿತು. ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ೧೯೩೦ರಲ್ಲಿ ಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾಗಿ, ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಭೇದವಿಲ್ಲದೆ ಸಹಸ್ರಾರು ಬಾಲಕರನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಕಟ್ಟಡಗಳು ಅವೇ, ಒಲೆಗಳು ಅವೇ. ಬಾಗಿಲಿನ ಅಗಲವು ಹೆಚ್ಚಿತು.

ಇನ್ನು ನಗರದ ದಕ್ಷಿಣಭಾಗ. ಜಯನಗರ, ಬನಶಂಕರಿ, ಜಯಪ್ರಕಾಶ ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಪುರಾತನವಾದುದೇನೂ ಇಲ್ಲವೆಂದು ಹಲವರ ಅಭಿಪ್ರಾಯ. ಇದು ತಪ್ಪು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿಯೇ ಬೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಹಳ್ಳಿಗಳು ಅಡಗಿ ಕುಳಿತಿವೆ. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ಹದಿಮೂರನೆಯ ಶತಮಾನದ ತಮಿಳು ಶಾಸನಗಳಿವೆ. ಅಲ್ಲಿಂದ ದಕ್ಷಿಣಕ್ಕೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. ೮೯೦ರ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರೇ ಕೆತ್ತಲ್ಪಟ್ಟಿದೆ. ಸುತ್ತಲಿನ ಗದ್ದೆ ಕೆರೆಗಳು ಮಾಯವಾಗಿ ಅಂತಸ್ತಿನ ಮನೆಗಳು ಎದ್ದರೂ ಆ ಗುಡಿಗಳಲ್ಲಿ ಪೂಜೆಯು ನಿಂತಿಲ್ಲ. ವಿನಿಯೋಗವು ಬದಲಾಗದೆ ಉಳಿದುವು ಆ ಗುಡಿಗಳು ಮಾತ್ರ, ಉಳಿದುದೆಲ್ಲವೂ ಬದಲಾಯಿತು.

ಜಯನಗರವು ೧೯೪೮ರಲ್ಲಿ ಹುಟ್ಟಿತು. ೧೯೪೫ರಲ್ಲಿ ಸ್ಥಾಪಿತವಾಗಿದ್ದ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿಯು ಇದರ ನಕ್ಷೆಯನ್ನು ಹಾಕಿತು; ಚಕ್ರವರ್ತಿ ರಾಜಗೋಪಾಲಾಚಾರ್ಯರ ಆಗಮನದ ಸ್ಮಾರಕವಾಗಿ ಅಶೋಕಸ್ತಂಭವು ನಿಂತಿದೆ. ಆ ನಕ್ಷೆಯಲ್ಲಿ ವಾಸಕ್ಕೆ ಒಂದು ಭಾಗ, ವ್ಯಾಪಾರಕ್ಕೆ ಒಂದು ಭಾಗ, ಆಟಕ್ಕೆ ಒಂದು ಭಾಗವೆಂದು ಗೆರೆಗಳಿದ್ದುವು. ಮೊದಲು ಬಂದು ನೆಲಸಿದವರು ಗುಮಾಸ್ತರು, ಉಪಾಧ್ಯಾಯರು, ನಿವೃತ್ತ ಅಧಿಕಾರಿಗಳು. ಮುಂದೆ ಮೊಗಸಾಲೆ, ಹಿಂದೆ ಬಾವಿ, ಪಕ್ಕದಲ್ಲಿ ತೆಂಗಿನ ಮರವೆರಡು. ಊರಿನಿಂದ ಓದಲು ಬಂದ ತಮ್ಮನ ಮಗನಿಗೋ ಅಕ್ಕನ ಮಗನಿಗೋ ಹಿಂಬದಿಯ ಕೋಣೆ. ಬೇರೆ ಯಾವ ಫಲಕವೂ ಇಲ್ಲದ ಸಣ್ಣ ಪ್ರಸಾದನಿಲಯವೊಂದು ಅಂತಹ ಮನೆಗಳಲ್ಲಿ ನಡೆಯುತ್ತಿದ್ದಿತು. ಮನೆಯ ಯಜಮಾನಿಯು ಕೈತಪ್ಪಿಯೂ ಅದನ್ನು ದಾಸೋಹವೆಂದು ಕರೆದವಳಲ್ಲ.

ಇಂದು ಆ ಮನೆಗಳಲ್ಲಿ ಬಹಳಷ್ಟು ಇಲ್ಲ. ಮುಖ್ಯ ಬೀದಿಗಳಲ್ಲಿದ್ದುವು ಅಂಗಡಿಗಳೂ ಬ್ಯಾಂಕುಗಳೂ ಆಸ್ಪತ್ರೆಗಳೂ ಫಲಾಹಾರ ಮಂದಿರಗಳೂ ಆದುವು. ಬಿ.ಟಿ.ಎಂ. ಬಡಾವಣೆಯ ಮನೆಗಳಲ್ಲಿ ಅನೇಕವು ‘ಪೇಯಿಂಗ್ ಗೆಸ್ಟ್’ ಎಂಬ ಬಾಡಿಗೆ ವಸತಿಗಳಾದುವು. ಗಣಕಯಂತ್ರದ ಉದ್ಯೋಗಕ್ಕಾಗಿಯೂ ವ್ಯಾಸಂಗಕ್ಕಾಗಿಯೂ ನಾಡಿನ ಎಲ್ಲ ಕಡೆಗಳಿಂದ ಬಂದ ಯುವಕ ಯುವತಿಯರು ಒಂದು ಕೋಣೆಯಲ್ಲಿ ಮೂವರೋ ನಾಲ್ವರೋ ಮಲಗುವರು. ೨೦೨೪ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇಂತಹ ವಸತಿಗಳಲ್ಲಿ ತಲೆಯೊಂದಕ್ಕೆ ೭೦ ಚದರಡಿ ಸ್ಥಳವಾದರೂ ಇರಬೇಕೆಂದು ನಿಯಮಿಸಬೇಕಾಯಿತು. ನಿಯಮವನ್ನು ಬರೆದಿಡಬೇಕಾದರೆ ಅದಕ್ಕಿಂತ ಕಡಮೆ ಸ್ಥಳದಲ್ಲಿ ಜನರು ಮಲಗುತ್ತಿದ್ದಿರಬೇಕಷ್ಟೆ. ‘ಪೇಯಿಂಗ್ ಗೆಸ್ಟ್’ ಎಂದರೆ ಹಣ ಕೊಡುವ ಅತಿಥಿ. ತಿಥಿಯಿಲ್ಲದೆ ಬರುವವನೇ ಅತಿಥಿಯೆಂಬ ಹಳೆಯ ವ್ಯುತ್ಪತ್ತಿಗೂ ಪ್ರತಿ ತಿಂಗಳ ಮೊದಲನೆಯ ತಾರೀಖಿಗೆ ಹಣ ತರುವವನೇ ಅತಿಥಿಯೆಂಬ ಹೊಸ ಅರ್ಥಕ್ಕೂ ಇರುವ ಅಂತರವನ್ನು ವೈಯಾಕರಣರು ಪರಿಶೀಲಿಸಬಹುದು. ಮನೆಯನ್ನು ಬಾಡಿಗೆಗೆ ಕೊಟ್ಟವರ ಮೇಲೆ ತಪ್ಪು ಹೊರಿಸುವುದು ಈ ಮಾತಿನ ಉದ್ದೇಶವಲ್ಲ. ಅವರಲ್ಲಿ ಅನೇಕರಿಗೆ ಆ ಬಾಡಿಗೆಯೇ ವೃದ್ಧಾಪ್ಯದ ಜೀವನೋಪಾಯ. ಖಾಸಗಿ ಮನೆಯು ಖಾಸಗಿ ಮನೆಯೇ.

ಧರ್ಮದ ಹೆಸರಿನಲ್ಲಿ ಪಡೆದ ನಿವೇಶನಗಳ ವಿಚಾರವು ಬೇರೆ. ಈ ಬಡಾವಣೆಗಳಲ್ಲಿ ಮಠಗಳೂ ಸಂಘಗಳೂ ಧರ್ಮಸಂಸ್ಥೆಗಳೂ ಪ್ರಾರ್ಥನಾಮಂದಿರ, ವಿದ್ಯಾರ್ಥಿನಿಲಯ, ಸಮುದಾಯಭವನಗಳಿಗೆಂದು ಭಕ್ತರಿಂದ ಭೂಮಿಯನ್ನೂ ದ್ರವ್ಯವನ್ನೂ ಪಡೆದು ಕಟ್ಟಿದ ಕಟ್ಟಡಗಳಿವೆ. ಅವುಗಳಲ್ಲಿ ಕೆಲವು ಇಂದಿಗೂ ಸಂಕಲ್ಪದಂತೆ ನಡೆಯುತ್ತಿವೆ. ಕೆಲವು ಕಲ್ಯಾಣಮಂಟಪಗಳಾಗಿವೆ. ಕಲ್ಯಾಣವೆಂಬ ಶಬ್ದಕ್ಕೆ ಎಷ್ಟು ಅರ್ಥಗಳಿದ್ದರೂ ನಗರದಲ್ಲಿ ಈಗ ಉಳಿದಿರುವುದು ಒಂದೇ ಅರ್ಥ. ಅದಕ್ಕೆ ದಿನವೊಂದಕ್ಕೆ ಇಷ್ಟೆಂದು ದರವೂ ಉಂಟು. ಆ ಆದಾಯದಿಂದಲೇ ಹಳ್ಳಿಯ ಶಾಲೆಯೊಂದು ನಡೆಯುತ್ತಿರಬಹುದು. ಹಾಗಿದ್ದ ಪಕ್ಷದಲ್ಲಿ ದೂರುವಂತಿಲ್ಲ. ಆದರೆ ಆದಾಯಕ್ಕಾಗಿ ಕಟ್ಟಡವೇ, ಕಟ್ಟಡಕ್ಕಾಗಿ ಆದಾಯವೇ ಎಂಬುದು ಕೆಲವು ವರ್ಷಗಳ ಬಳಿಕ ಆಡಳಿತಗಾರರಿಗೇ ಮರೆತುಹೋಗುವುದುಂಟು.

ಹಿಂದಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪಾಶಯವು ಪರಿಚಿತವಾದುದು. ಕೊಟ್ಟ ಧರ್ಮವನ್ನು ಕಿತ್ತುಕೊಂಡವನಿಗೆ ಬರುವ ದುರ್ಗತಿಯನ್ನು ಭಯಂಕರವಾಗಿ ಹೇಳಿದ ಬಳಿಕ, ದಾನಮಾಡುವುದಕ್ಕಿಂತ ಅನ್ಯರ ದಾನವನ್ನು ಪಾಲಿಸುವುದು ಮೇಲೆಂದು ಅವು ಸಾರುವುವು. ಈಗಿನ ನ್ಯಾಯಶಾಸ್ತ್ರವು ಶಾಪವನ್ನು ಬಿಟ್ಟು ಅದೇ ವಿಚಾರವನ್ನು ಹೇಳುತ್ತದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ಧರ್ಮಸಂಸ್ಥೆಯ ಆಡಳಿತವು ದಾರಿತಪ್ಪಿದರೆ ಅದರಲ್ಲಿ ಆಸಕ್ತಿಯುಳ್ಳ ಇಬ್ಬರು, ನ್ಯಾಯಾಲಯದ ಅನುಮತಿಯನ್ನು ಪಡೆದು, ದಾವೆ ಹೂಡಬಹುದು. ೧೯೭೬ರಲ್ಲಿ ಮಾಡಿದ ತಿದ್ದುಪಡಿಯು ಇನ್ನೊಂದು ಅಂಶವನ್ನು ಕೂಡಿಸಿತು: ದಾನಿಯ ಮೂಲೋದ್ದೇಶವು ನೆರವೇರಿಬಿಟ್ಟಿದ್ದರೆ, ಅಥವಾ ನೆರವೇರುವಂತಿಲ್ಲದಿದ್ದರೆ, ಅವನ ಆಶಯವನ್ನು ಗಮನದಲ್ಲಿಟ್ಟುಕೊಂಡು ನ್ಯಾಯಾಲಯವು ಬೇರೆ ಉದ್ದೇಶಕ್ಕೆ ಆ ಆಸ್ತಿಯನ್ನು ವಿನಿಯೋಗಿಸಬಹುದು. ಅಂದರೆ ಬದಲಾವಣೆಯು ನಿಷಿದ್ಧವಲ್ಲ. ಅದಕ್ಕೆ ಕಾರಣವನ್ನು ತೋರಿಸಬೇಕು, ಆಶಯವನ್ನು ಉಳಿಸಬೇಕು. ಎತ್ತಿನ ಗಾಡಿಗಳಿಲ್ಲದ ಕಾಲದಲ್ಲಿ ಎತ್ತುಗಳ ನೀರಿನ ತೊಟ್ಟಿಗೆಂದು ಬಿಟ್ಟ ಹಣವನ್ನು ಜನರ ಕುಡಿಯುವ ನೀರಿಗೆ ಬಳಸಬಹುದು. ವಿದ್ಯಾರ್ಥಿನಿಲಯಕ್ಕೆಂದು ಬಿಟ್ಟುದನ್ನು ಹೀಗೆ ಬದಲಿಸುವಂತಿಲ್ಲ. ವಿದ್ಯಾರ್ಥಿಗಳು ಇನ್ನೂ ಬರುತ್ತಲೇ ಇದ್ದಾರೆ.

ಇದಕ್ಕೆ ಹೆಚ್ಚಿನ ವೆಚ್ಚವಿಲ್ಲದೆ ನಡೆಯಿಸಬಹುದಾದ ಮಾರ್ಗವೊಂದು ಪಂಚಾಂಗದಲ್ಲಿಯೇ ಇದೆ. ಆಷಾಢಮಾಸದಲ್ಲಿ ವಿವಾಹಗಳನ್ನು ನಡೆಸುವ ವಾಡಿಕೆಯಿಲ್ಲವಾದುದರಿಂದ ಕಲ್ಯಾಣಮಂಟಪಗಳು ಬಹುಮಟ್ಟಿಗೆ ಬೀಗ ಹಾಕಿಕೊಂಡು ನಿಲ್ಲುವುವು. ಆ ತಿಂಗಳು ಬರುವುದು ಜೂನ್ ಜುಲೈಗಳ ನಡುವೆ. ಕಾಲೇಜುಗಳಿಗೆ ಸೇರಲು ಹಳ್ಳಿಯ ಮಕ್ಕಳು ತಂದೆಯ ಜೊತೆಯಲ್ಲಿ ಬಂದು, ಇರಲು ಸ್ಥಳವನ್ನು ಹುಡುಕುತ್ತ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ತಿರುಗುವುದೂ ಸುಮಾರಾಗಿ ಆ ಸಮಯದಲ್ಲಿಯೇ. ವಿಶಾಲವಾದ ಮಾಳಿಗೆ, ನೀರು, ಸ್ನಾನಗೃಹಗಳು, ನೂರಾರು ಜನರಿಗೆ ಅಡಿಗೆಯಾಗುವ ಪಾಕಶಾಲೆ, ಪಾತ್ರೆ ಪಡಗ, ಚಾಪೆಗಳು ಎಲ್ಲವೂ ಅಲ್ಲಿ ಸಿದ್ಧವಾಗಿರುತ್ತವೆ. ಮಠಗಳ ಅಧೀನದಲ್ಲಿರುವ ಮಂಟಪಗಳನ್ನು ಆ ಒಂದು ಮಾಸ ವಿದ್ಯಾರ್ಥಿಗಳಿಗೆ ತೆರೆದಿಡಲು ದಾನಪತ್ರದ ಯಾವ ಪಂಕ್ತಿಯನ್ನೂ ತಿದ್ದಬೇಕಾದುದಿಲ್ಲ. ಬೀಗದ ಕೈ ಆಡಳಿತ ಮಂಡಳಿಯವರ ಬಳಿಯಲ್ಲಿಯೇ ಇದೆ. ಅಡಿಗೆಗೆ ಅಕ್ಕಿಬೇಳೆಗಳನ್ನು ಒದಗಿಸಲು ಆಯಾ ಬಡಾವಣೆಯ ಭಕ್ತರು ಸರದಿಯಂತೆ ವಾರಕ್ಕೊಂದು ದಿನ ಒಪ್ಪಿಕೊಂಡರಾಯಿತು.